ಹಾಟ್‌ಪಾಟ್ ಹೋಟೆಲಿನಿಂದ ಮೈದಾನದವರೆಗೆ: ಮೆಲ್ಬರ್ನ್‌ನ ಚೀನೀ ಹವ್ಯಾಸಿ ಫುಟ್‌ಬಾಲ್ ಟೂರ್ನಿಗೆ ಪ್ರಾಯೋಜಕರನ್ನು ಹುಡುಕುವ ಬಗೆ

ಮಧ್ಯಾಹ್ನ ಮೂರು ಗಂಟೆ. ಮೆಲ್ಬರ್ನ್‌ನ ಪೂರ್ವ ಭಾಗದ ಬಾಕ್ಸ್ ಹಿಲ್‌ನಲ್ಲಿ ಒಂದು ಹಾಟ್‌ಪಾಟ್ ಹೋಟೆಲು, ಮೇಜಿನ ಮೇಲೆಯೇ ಕುದಿಯುವ ಸಾರಿನಲ್ಲಿ ಬೇಯಿಸಿಕೊಂಡು ತಿನ್ನುವ ಜಾಗ. ಊಟದ ಗದ್ದಲ ಮುಗಿದಿತ್ತು. ಮೂಲೆಯ ಮೇಜಿನಲ್ಲಿ ಹುಡುಗಿಯೊಬ್ಬಳು ಬೆಳ್ಳುಳ್ಳಿ ಸುಲಿಯುತ್ತ ಕುಳಿತಿದ್ದಳು. ನಾವು ಮೂವರು ಎಂಟು ಪುಟಗಳ ಬಣ್ಣದ ಪ್ರಸ್ತಾವನೆಯನ್ನು ಮಾಲೀಕರ ಮುಂದಿಟ್ಟೆವು. ಅವರು ಮೊದಲ ಪುಟವನ್ನೂ ತಿರುವದೆ ಎರಡೇ ಪ್ರಶ್ನೆ ಕೇಳಿದರು: "ಎಷ್ಟು ಜನ ಬರುತ್ತಾರೆ? ಅವರ ಮನೆಗಳು ಎಲ್ಲಿವೆ?" ನಾವು ಮುಖ ಮುಖ ನೋಡಿಕೊಂಡೆವು. ಟ್ರೋಫಿಯ ಎತ್ತರ ಗೊತ್ತಿತ್ತು, ಪಂದ್ಯಗಳ ವೇಳಾಪಟ್ಟಿ ಗೊತ್ತಿತ್ತು. ಆದರೆ ಅವರು ಕೇಳಿದ್ದು ನಮಗೆ ಗೊತ್ತಿರಲಿಲ್ಲ.

ನಾನು ಕನ್ನಡಿಗ. ಕಚೇರಿಯ ಚೀನೀ ಗೆಳೆಯರು ಭಾನುವಾರದ ಆಟಕ್ಕೆ ಒಬ್ಬರು ಕಡಿಮೆ ಬಿದ್ದರೆಂದು ಕರೆದಾಗ ಹೋದವನು ಅಲ್ಲೇ ಉಳಿದುಬಿಟ್ಟೆ. ಅವರ ಸಮುದಾಯದ ಸೆವೆನ್-ಎ-ಸೈಡ್, ಅಂದರೆ ತಂಡಕ್ಕೆ ಏಳು ಜನ ಕಣಕ್ಕಿಳಿಯುವ ಟೂರ್ನಿಗೆ ಪ್ರಾಯೋಜಕರನ್ನು ಹುಡುಕುವ ಸಮಿತಿಯಲ್ಲಿ ಮೂರು ವರ್ಷ ಕೆಲಸ ಮಾಡಿದ್ದೇನೆ. ಆ ಅನುಭವದಿಂದ ಕಲಿತದ್ದನ್ನು ಕೆಲಸ ನಡೆಯುವ ಕ್ರಮದಲ್ಲೇ ಬರೆಯುತ್ತಿದ್ದೇನೆ. ವಿದೇಶದಲ್ಲಿ ಚೀನೀ ನೆರೆಹೊರೆಯವರ ಜೊತೆ ಆಡುವ ಕನ್ನಡಿಗರು ಈಗ ಕಡಿಮೆಯೇನಿಲ್ಲ. ಅಂಥವರ ಕೈಗೆ ಇಂಥ ಜವಾಬ್ದಾರಿ ಬಂದಾಗ ಇದು ನೆರವಾದರೆ ನನಗೆ ಸಂತೋಷ.

ಮೊದಲು ಲೆಕ್ಕ

ಪ್ರಾಯೋಜಕರು ಒಬ್ಬರೂ ಸಿಗದಿದ್ದರೂ ಟೂರ್ನಿ ನಡೆಯುವಂತಿರಬೇಕು. ಇದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ. ಮೈದಾನದ ಬಾಡಿಗೆ, ರೆಫರಿಗಳ ಸಂಭಾವನೆ, ಪ್ರಥಮ ಚಿಕಿತ್ಸೆ, ವಿಮೆ ಈ ನಾಲ್ಕೂ ತಂಡಗಳ ಪ್ರವೇಶ ಶುಲ್ಕದಲ್ಲೇ ತೀರಬೇಕು. ಉದಾಹರಣೆಗೆ 12 ತಂಡಗಳು ತಲಾ 250 ಡಾಲರ್ ಕೊಟ್ಟರೆ 3,000 ಡಾಲರ್ ಆಗುತ್ತದೆ. ಈ ನಾಲ್ಕು ಖರ್ಚುಗಳು ಅದರೊಳಗೆ ಹಿಡಿಯದಿದ್ದರೆ ತಂಡಗಳ ಸಂಖ್ಯೆ ಹೆಚ್ಚಿಸಿ, ಇಲ್ಲವೇ ಎರಡು ಭಾನುವಾರದ ಟೂರ್ನಿಯನ್ನು ಒಂದೇ ದಿನಕ್ಕೆ ಇಳಿಸಿ. ಟ್ರೋಫಿ, ಪದಕ, ಮಕ್ಕಳ ಪಂದ್ಯ, ನೆರಳಿನ ಡೇರೆ, ಛಾಯಾಗ್ರಾಹಕರು, ಆಟಗಾರರ ಬಿಬ್‌ಗಳಿಗೆ ಪ್ರಾಯೋಜಕರ ಹಣ ಬಳಸಿ. ಬಾಡಿಗೆಗೇ ದುಡ್ಡಿಲ್ಲದೆ ಅಂಗಡಿ ಅಂಗಡಿ ತಿರುಗುವವನ ಮಾತಿನಲ್ಲಿ ಗಾಬರಿ ಕಾಣುತ್ತದೆ. ಹತ್ತಿಪ್ಪತ್ತು ವರ್ಷ ವ್ಯಾಪಾರ ಮಾಡಿದವರು ಅದನ್ನು ಒಂದೇ ಕ್ಷಣದಲ್ಲಿ ಗುರುತಿಸುತ್ತಾರೆ.

ವಿಮೆಯನ್ನು ಕೊನೆಗೆ ನೋಡೋಣವೆಂದು ಬಿಡಬೇಡಿ. ಇಲ್ಲಿ ಮೈದಾನಗಳು ಸ್ಥಳೀಯ ಕೌನ್ಸಿಲ್‌ಗಳ ಕೈಯಲ್ಲಿವೆ. ಸಾರ್ವಜನಿಕ ಹೊಣೆಗಾರಿಕೆಯ ವಿಮಾಪತ್ರವಿಲ್ಲದೆ ಅವರು ಅನುಮತಿ ಕೊಡುವುದಿಲ್ಲ. ಸಾಮಾನ್ಯವಾಗಿ ಕೇಳುವ ರಕ್ಷಣೆಯ ಮೊತ್ತ ಒಂದರಿಂದ ಎರಡು ಕೋಟಿ ಡಾಲರ್. ಕಂತಿನ ಹಣ ಅಷ್ಟೇನೂ ದೊಡ್ಡದಲ್ಲ, ಕಾಗದ ಕೈಗೆ ಬರಲು ಮಾತ್ರ ವಾರಗಳು ಬೇಕು.

ದಿನ ಗೊತ್ತುಮಾಡುವಾಗ ಊರಿನ ಋತುವನ್ನು ಗಮನಿಸಿ. ಮೆಲ್ಬರ್ನ್‌ನಲ್ಲಿ ಕ್ಲಬ್ ಫುಟ್‌ಬಾಲ್ ಚಳಿಗಾಲದ ಆಟ, ಇಲ್ಲಿ ಚಳಿಗಾಲ ವರ್ಷದ ನಡುವೆ ಬರುತ್ತದೆ. ಅಕ್ಟೋಬರ್ ಬಂದೊಡನೆ ಹುಲ್ಲಿನ ಮೈದಾನಗಳಲ್ಲಿ ಕ್ರಿಕೆಟ್ ಶುರುವಾಗುತ್ತದೆ. ಆಗ ಕೃತಕ ಹುಲ್ಲಿನ ಫುಟ್‌ಬಾಲ್ ಅಂಕಣಗಳು ಸುಲಭವಾಗಿ ಸಿಗುತ್ತವೆ, ಕ್ಲಬ್‌ಗಳಲ್ಲಿ ಆಡುವವರಿಗೂ ಬಿಡುವಿರುತ್ತದೆ. ಚೀನೀಯರ ಮಧ್ಯ-ಶರತ್ ಹಬ್ಬವೂ ಸೆಪ್ಟೆಂಬರ್ ಎರಡನೆಯ ವಾರದಿಂದ ಅಕ್ಟೋಬರ್ ಮೊದಲ ವಾರದೊಳಗೆ ಬರುತ್ತದೆ. ಹಬ್ಬದ ಮರುವಾರದ ಟೂರ್ನಿಗೆ ಜನ ಕುಟುಂಬದೊಡನೆ ಬರುತ್ತಾರೆ.

ಹಣ ಯಾರ ಖಾತೆಗೆ?

ಮೊದಲ ವರ್ಷ ನಮ್ಮ ಪ್ರಾಯೋಜಕರೊಬ್ಬರು ವೀಚ್ಯಾಟ್ ಎಂಬ ಚೀನೀ ಸಂದೇಶದ ಆ್ಯಪ್‌ನಲ್ಲಿ ಆಟಗಾರನೊಬ್ಬನ ಸ್ವಂತ ಖಾತೆಗೆ ಹಣ ಕಳಿಸಿದರು. ಅವನು ಪ್ರಾಮಾಣಿಕ, ಒಂದು ಸೆಂಟ್ ಕೂಡ ಆಚೀಚೆ ಆಗಲಿಲ್ಲ. ಆದರೂ ತಿಂಗಳುಗಟ್ಟಲೆ ಅವನು ಎಲ್ಲರಿಗೂ ವಿವರಣೆ ಕೊಡಬೇಕಾಯಿತು. ಒಳ್ಳೆಯ ಗೆಳೆಯನನ್ನು ಆ ಸ್ಥಿತಿಗೆ ದೂಡಬಾರದು.

ವಿಕ್ಟೋರಿಯಾ ರಾಜ್ಯದಲ್ಲಿ 2012ರ ಸಂಘಗಳ ಕಾಯ್ದೆಯಡಿ ಐದು ಸದಸ್ಯರಿದ್ದರೆ ಸಂಘವನ್ನು ನೋಂದಾಯಿಸಬಹುದು. ಆ ಕೆಲಸ ಮಾಡುವ ಇಲಾಖೆ ಕನ್ಸ್ಯೂಮರ್ ಅಫೇರ್ಸ್ ವಿಕ್ಟೋರಿಯಾ. ನೋಂದಣಿಯ ನಂತರ ಎಬಿಎನ್ ಎಂಬ ವ್ಯವಹಾರ ಸಂಖ್ಯೆ ಪಡೆಯಿರಿ, ಇಬ್ಬರ ಒಪ್ಪಿಗೆಯಿಲ್ಲದೆ ಹಣ ತೆಗೆಯಲಾಗದ ಬ್ಯಾಂಕ್ ಖಾತೆ ತೆರೆಯಿರಿ. ಪ್ರಾಯೋಜಕರು ಕೇಳುವ ಮೊದಲ ಕಾಗದವೇ ಇನ್‌ವಾಯ್ಸ್, ಅದರ ಮೇಲೆ ಈ ಸಂಖ್ಯೆ ಇರಬೇಕು. ಲಾಭಕ್ಕಾಗಿ ನಡೆಯದ ಸಂಘದ ವಾರ್ಷಿಕ ವಹಿವಾಟು 1,50,000 ಡಾಲರ್ ತಲುಪುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ನೋಂದಣಿ ಇಲ್ಲದವರು ಕಾಗದದ ತಲೆಯ ಮೇಲೆ 'ಟ್ಯಾಕ್ಸ್ ಇನ್‌ವಾಯ್ಸ್' ಎಂದು ಬರೆಯಬಾರದು, ಬರೀ 'ಇನ್‌ವಾಯ್ಸ್' ಸಾಕು.

ದೇಣಿಗೆ ಮತ್ತು ಪ್ರಾಯೋಜನೆಯ ವ್ಯತ್ಯಾಸವನ್ನು ಸಮಿತಿಯ ಪ್ರತಿಯೊಬ್ಬರೂ ತಿಳಿದಿರಬೇಕು. ಬ್ಯಾನರಿನಲ್ಲಿ ಹೆಸರು ಹಾಕಿಸಿಕೊಂಡು ಅಂಗಡಿಯವರು ಹಣ ಕೊಟ್ಟರೆ ಅದು ಪ್ರಾಯೋಜನೆ, ಅವರ ಲೆಕ್ಕದಲ್ಲಿ ಜಾಹೀರಾತಿನ ಖರ್ಚು. ಏನನ್ನೂ ಬಯಸದೆ ಕೊಟ್ಟದ್ದು ದೇಣಿಗೆ. ಅದಕ್ಕೆ ತೆರಿಗೆ ವಿನಾಯಿತಿ ಸಿಗಬೇಕಾದರೆ ಹಣ ಪಡೆಯುವ ಸಂಸ್ಥೆಗೆ ಸರ್ಕಾರದ ವಿಶೇಷ ಮಾನ್ಯತೆ ಇರಬೇಕು, ಅದು ನಮ್ಮಂಥ ಸಣ್ಣ ಸಂಘಗಳಿಗೆ ಇರುವುದಿಲ್ಲ. ಅಂಥ ದಾನಿಗಳು ಸಿಕ್ಕರೆ ಆಸ್ಟ್ರೇಲಿಯನ್ ಸ್ಪೋರ್ಟ್ಸ್ ಫೌಂಡೇಷನ್‌ನಲ್ಲಿ ನಿಮ್ಮ ಯೋಜನೆಯನ್ನು ದಾಖಲಿಸಿ, ಅದರ ಮೂಲಕ ಹಣ ಪಡೆಯಿರಿ. ಹಾಗೆ ಬಂದ 2 ಡಾಲರ್ ಅಥವಾ ಹೆಚ್ಚಿನ ದೇಣಿಗೆಗೆ ವಿನಾಯಿತಿ ಸಿಗುತ್ತದೆ. "ನಮಗೆ ಕೊಟ್ಟರೆ ತೆರಿಗೆ ಉಳಿಯುತ್ತದೆ" ಎಂದು ಅಂಗಡಿಯಲ್ಲಿ ನಿಂತು ಬಾಯಿಮಾತಿನಲ್ಲಿ ಹೇಳಬೇಡಿ. ಅವರ ಲೆಕ್ಕಿಗರು ಮರುದಿನವೇ ಅದನ್ನು ಸುಳ್ಳೆಂದು ತೋರಿಸಿದರೆ ಆ ಬಾಗಿಲು ಮತ್ತೆ ತೆರೆಯುವುದಿಲ್ಲ.

ಜನರನ್ನು ಎಣಿಸಿ

ಹಾಟ್‌ಪಾಟ್ ಮಾಲೀಕರ ಪ್ರಶ್ನೆಗೆ ಉತ್ತರ ಹುಡುಕಿದ ಮೇಲೆಯೇ ನಮ್ಮ ಕೆಲಸ ಕೈಹತ್ತಿತು. ಮುಂದಿನ ವರ್ಷ ತಂಡ ನೋಂದಾಯಿಸುವ ನಮೂನೆಯಲ್ಲಿ ಐದು ಪ್ರಶ್ನೆ ಸೇರಿಸಿದೆವು: ಯಾವ ಬಡಾವಣೆ, ಯಾವ ವಯೋಮಾನ, ಏನು ಕೆಲಸ, ಮನೆಯಲ್ಲಿ ಮಕ್ಕಳಿದ್ದಾರೆಯೇ, ಪಂದ್ಯ ನೋಡಲು ಎಷ್ಟು ಜನ ಜೊತೆಗೆ ಬರುತ್ತಾರೆ. ಹೆಸರು ಬೇಡ ಎಂದು ಸ್ಪಷ್ಟವಾಗಿ ಬರೆದಿದ್ದೆವು. ಯಾರೊಬ್ಬರ ವಿವರವೂ ಪ್ರಾಯೋಜಕರ ಕೈಗೆ ಹೋಗುವುದಿಲ್ಲ, ಒಟ್ಟು ಲೆಕ್ಕ ಮಾತ್ರ ಹೋಗುತ್ತದೆ ಎಂದು ಮಾತು ಕೊಟ್ಟಿದ್ದೆವು.

ಬಂದ ಉತ್ತರಗಳನ್ನು ಕೂಡಿಸಿದಾಗ ನಮಗೇ ಬೆರಗಾಯಿತು. ನಾವೆಲ್ಲ ವಿದ್ಯಾರ್ಥಿಗಳ ಟೂರ್ನಿ ಎಂದುಕೊಂಡಿದ್ದೆವು. ನಿಜದಲ್ಲಿ ಆಟಗಾರರಲ್ಲಿ ಹೆಚ್ಚಿನವರು ಮೂವತ್ತು ದಾಟಿದವರು, ಬಾಕ್ಸ್ ಹಿಲ್, ಗ್ಲೆನ್ ವೇವರ್ಲಿ, ಡಾನ್‌ಕಾಸ್ಟರ್‌ಗಳಲ್ಲಿ ಮನೆ ಮಾಡಿಕೊಂಡವರು, ಶಾಲೆಗೆ ಹೋಗುವ ಮಕ್ಕಳಿದ್ದವರು. ಮನೆಪಾಠ ಕೇಂದ್ರದವರಿಗೆ, ಗೃಹಸಾಲದ ಬ್ರೋಕರುಗಳಿಗೆ, ಮಕ್ಕಳ ದಂತವೈದ್ಯರಿಗೆ ಬೇಕಾದವರು ಇವರೇ. ಯಾರ ಬಳಿ ಹೋಗಬೇಕೆಂಬ ಪಟ್ಟಿಯೇ ಅಂದು ರಾತ್ರಿ ಬದಲಾಯಿತು.

ಪ್ರೇಕ್ಷಕರ ಎಣಿಕೆಗೆ ಅಂದಾಜು ಬೇಡ. ಇಬ್ಬರು ಸ್ವಯಂಸೇವಕರು ಕೈಯಲ್ಲಿ ಒತ್ತುವ ಎಣಿಕೆಯ ಯಂತ್ರ ಹಿಡಿದು ಪ್ರವೇಶದ್ವಾರದಲ್ಲಿ ನಿಂತರಾಯಿತು. ಮೊದಲ ವರ್ಷವಾದರೆ ನಿಜವನ್ನೇ ಹೇಳಿ: "ಇದು ಮೊದಲ ಟೂರ್ನಿ, 12 ತಂಡ, ತಂಡಕ್ಕೆ ಹತ್ತು ಆಟಗಾರರು, 120 ಜನ ಖಚಿತ. ಕುಟುಂಬದವರು ಎಷ್ಟು ಬರುತ್ತಾರೆಂದು ಟೂರ್ನಿಯ ನಂತರ ತಿಳಿಸುತ್ತೇವೆ." 120 ಎಂದು ಹೇಳಿ 200 ತೋರಿಸಿದವರನ್ನು ಮುಂದಿನ ವರ್ಷ ಕುರ್ಚಿ ಎಳೆದು ಕೂರಿಸುತ್ತಾರೆ.

ಯಾರ ಬಾಗಿಲು ತಟ್ಟಬೇಕು

ಹೆಸರಾಂತ ಬ್ಯಾಂಕು, ವಿಮಾನ ಕಂಪನಿ, ಮೊಬೈಲ್ ಕಂಪನಿಗಳಿಗೆ ಮಿಂಚಂಚೆ ಕಳಿಸುವ ಆಸೆ ಎಲ್ಲರಿಗೂ ಮೊದಲು ಬರುತ್ತದೆ. ನಾವೂ ಕಳಿಸಿದ್ದೆವು, ಉತ್ತರ ಬರಲಿಲ್ಲ. ಅಲ್ಲಿ ತೀರ್ಮಾನ ತೆಗೆದುಕೊಳ್ಳುವವರು ದೂರದಲ್ಲೆಲ್ಲೋ ಇರುತ್ತಾರೆ. ಸಣ್ಣ ಟೂರ್ನಿಗೆ ಹಣ ಸಿಗುವುದು ತೀರ್ಮಾನ ತೆಗೆದುಕೊಳ್ಳುವವರೇ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿರುವ ಕಡೆ.

ಆದ್ದರಿಂದ ಆಟಗಾರರಿಂದಲೇ ಆರಂಭಿಸಿ. ಪ್ರತಿ ತಂಡದ ನಾಯಕನಿಗೆ ಒಂದು ಹಾಳೆ ಕೊಟ್ಟು ಮೂರು ಸಾಲು ಬರೆಯಲು ಹೇಳಿ: ನಿಮ್ಮ ತಂಡದಲ್ಲಿ ಯಾರಿಗೆ ಅಂಗಡಿ ಇದೆ, ಯಾರು ಯಾವ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ, ಪಂದ್ಯ ಮುಗಿದ ಮೇಲೆ ನೀವೆಲ್ಲ ಊಟಕ್ಕೆ ಎಲ್ಲಿಗೆ ಹೋಗುತ್ತೀರಿ. ಮೂರನೆಯ ಸಾಲೇ ಚಿನ್ನ. ವರ್ಷವಿಡೀ ಭಾನುವಾರ ಸಂಜೆ ಹತ್ತು ಜನ ತಿಂದು ದುಡ್ಡು ಕೊಡುವ ಜಾಗದಲ್ಲಿ ನೀವು ಅಪರಿಚಿತರಲ್ಲ.

ನಂತರ ಬಡಾವಣೆಯ ಅಂಗಡಿಬೀದಿಯಲ್ಲಿ ನಡೆಯಿರಿ. ಸಾಬಕ್ಕಿಯಂಥ ಗುಂಡುಗಳಿರುವ ಹಾಲಿನ ಚಹಾ ಮಾರುವ ಬಬಲ್ ಟೀ ಅಂಗಡಿ, ಏಷ್ಯನ್ ದಿನಸಿ, ಡ್ರೈವಿಂಗ್ ಶಾಲೆ, ಚೀನಾಕ್ಕೆ ಪಾರ್ಸೆಲ್ ಕಳಿಸುವವರು, ಫಿಸಿಯೊಥೆರಪಿ, ತ್ವೇನಾ ಎಂಬ ಚೀನೀ ಅಂಗಮರ್ದನ, ಕಾರು ರಿಪೇರಿ, ಮನೆ ಕ್ರಯಪತ್ರದ ವಕೀಲರು. ಒಬ್ಬೊಬ್ಬರಿಗೂ ಒಂದು ಹೊತ್ತಿದೆ. ಇಲ್ಲಿ ಶಾಲೆ ಜನವರಿ ಕೊನೆಗೆ ತೆರೆಯುವುದರಿಂದ ಮನೆಪಾಠ ಕೇಂದ್ರಗಳು ವರ್ಷದ ಕೊನೆಯ ತಿಂಗಳುಗಳಲ್ಲೇ ಜಾಹೀರಾತಿಗೆ ಖರ್ಚು ಮಾಡುತ್ತವೆ. ಆಸ್ಟ್ರೇಲಿಯಾದ ಹಣಕಾಸು ವರ್ಷ ಜೂನ್ 30ಕ್ಕೆ ಮುಗಿಯುತ್ತದೆ, ಜುಲೈನಲ್ಲಿ ಹೊಸ ಖಾತೆಪುಸ್ತಕ ತೆರೆದಾಗ ಕೇಳಿದರೆ ಒಪ್ಪುವ ಸಾಧ್ಯತೆ ಹೆಚ್ಚು. ಚೀನೀ ಹೊಸ ವರ್ಷದ ಹಿಂದು ಮುಂದಿನ ಎರಡೆರಡು ವಾರ ಹೋಟೆಲಿನವರನ್ನು ಕೇಳಲೇಬೇಡಿ, ಅವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ.

ತೊಂಗ್‌ಶಿಯಾಂಗ್‌ಹ್ವೇ ಎಂಬ ಊರವರ ಸಂಘಗಳನ್ನು ಮರೆಯಬೇಡಿ. ಫುಜಿಯಾನ್, ಗ್ವಾಂಗ್‌ಡಾಂಗ್, ಶಾಂಘೈ ಹೀಗೆ ಮೂಲ ಊರು, ಪ್ರಾಂತ್ಯದ ಹೆಸರಿನಲ್ಲಿ ಕಟ್ಟಿಕೊಂಡ ಕೂಟಗಳು ಇವು. ಪರವೂರಿನಲ್ಲಿ ನಮ್ಮ ಕನ್ನಡ ಸಂಘಗಳು ಮಾಡುವುದನ್ನೇ ಇವೂ ಮಾಡುತ್ತವೆ. ಸಂಘದ ಹಿರಿಯರೊಬ್ಬರು ಫೋನ್ ಎತ್ತಿ "ನಮ್ಮ ಹುಡುಗರು ಬರುತ್ತಾರೆ, ಮಾತಾಡಿ" ಎಂದರೆ ನಿಮ್ಮ ಹತ್ತು ಭೇಟಿಗಳ ಕೆಲಸ ಒಂದರಲ್ಲೇ ಮುಗಿಯುತ್ತದೆ.

ಕೆಲವರಿಗೆ ಬೇಡ ಎನ್ನಬೇಕಾಗುತ್ತದೆ. ಜೂಜಿನವರ ಹಣ ಬೇಡ, ಮಕ್ಕಳು ಆಡುವ ಮೈದಾನವದು. ಕ್ರಿಪ್ಟೊ ಹೂಡಿಕೆಯಿಂದ ದುಡ್ಡು ದ್ವಿಗುಣ ಎನ್ನುವವರೂ ಬೇಡ. ವೀಸಾ ಮಾಡಿಕೊಡುವ ಮೈಗ್ರೇಷನ್ ಏಜೆಂಟರು ತಾವಾಗಿಯೇ ಬಂದು ದೊಡ್ಡ ಮೊತ್ತ ಕೊಡುತ್ತಾರೆ. ಅವರ ಸರ್ಕಾರಿ ನೋಂದಣಿ ಸಂಖ್ಯೆ ಕೇಳಿ, ಅಧಿಕೃತ ಪಟ್ಟಿಯಲ್ಲಿ ಹುಡುಕಿ ನೋಡಿ, ಬ್ಯಾನರಿನಲ್ಲೂ ಆ ಸಂಖ್ಯೆ ಹಾಕಿಸಿ. ಸಂಖ್ಯೆ ಕೊಡಲು ಹಿಂಜರಿದವರ ಹಣ ಎಷ್ಟೇ ದೊಡ್ಡದಿರಲಿ, ಕೈಬಿಡಿ. ನಮ್ಮ ಮೈದಾನದಲ್ಲಿ ಹೆಸರು ನೋಡಿ ನಂಬಿದ ವಿದ್ಯಾರ್ಥಿಯೊಬ್ಬನ ವೀಸಾ ಹಾಳಾದರೆ ಆ ಪಾಪ ನಮ್ಮದೂ ಹೌದು.

ಎಂಟು ಬೇಕು, ನಾಲ್ಕು ಬೇಡ

ಚೀನೀ ಭಾಷೆಯಲ್ಲಿ ಎಂಟು 'ಬಾ'. ಅದು ಏಳಿಗೆ ಎಂಬರ್ಥದ 'ಫಾ' ಪದವನ್ನು ನೆನಪಿಸುತ್ತದೆ. ನಾಲ್ಕನ್ನು ಹೇಳುವ ಪದವೂ ಸಾವನ್ನು ಹೇಳುವ ಪದವೂ ಒಂದೇ ಉಚ್ಚಾರಣೆಯವು, ಸ್ವರದ ಏರಿಳಿತವಷ್ಟೇ ಬೇರೆ. ಹಾಗಾಗಿ 400 ಡಾಲರ್ ಕೇಳಬೇಡಿ, 388 ಕೇಳಿ. ನಮ್ಮ ಟೂರ್ನಿಯಲ್ಲಿ ಮೂರು ಮೆಟ್ಟಿಲು ಮಾಡಿದೆವು: 388, 888, 1,888. ನಾಲ್ಕನೆಯ ಮೆಟ್ಟಿಲು ಇಡಲಿಲ್ಲ. ಆಯ್ಕೆ ಕಡಿಮೆಯಿದ್ದಷ್ಟೂ ತೀರ್ಮಾನ ಬೇಗ ಆಗುತ್ತದೆ.

ಎಲ್ಲಕ್ಕಿಂತ ಮೇಲಿನದು 'ಗ್ವಾನ್‌ಮಿಂಗ್', ಅಂದರೆ ಟೂರ್ನಿಯ ಹೆಸರಿನ ಮುಂದೆ ತಮ್ಮ ಹೆಸರು ಸೇರಿಸುವ ಹಕ್ಕು. ಇದನ್ನು ಒಬ್ಬರಿಗೆ ಮಾತ್ರ ಕೊಡಿ, ಬರಹದಲ್ಲಿ ಕೊಡಿ, ಒಂದು ವರ್ಷಕ್ಕೆ ಮಾತ್ರ ಕೊಡಿ. ಕೆಳಗಿನ ಮೆಟ್ಟಿಲುಗಳಲ್ಲೂ ಒಂದು ಬಗೆಯ ವ್ಯಾಪಾರಕ್ಕೆ ಒಬ್ಬರೇ ಎಂಬ ನಿಯಮವಿರಲಿ. ಒಮ್ಮೆ ಸಮಿತಿಯ ಇಬ್ಬರು ಒಬ್ಬರಿಗೊಬ್ಬರು ಹೇಳದೆ ಒಂದೇ ಬೀದಿಯ ಎರಡು ಮನೆಪಾಠ ಕೇಂದ್ರಗಳಿಂದ ಹಣ ತಂದರು. ಎರಡೂ ಬ್ಯಾನರ್ ಅಕ್ಕಪಕ್ಕ ಕಂಡಾಗ ಇಬ್ಬರು ಮಾಲೀಕರೂ ನಮ್ಮೊಡನೆ ಮಾತು ಬಿಟ್ಟರು. ಅಂದಿನಿಂದ ಯಾರು ಯಾರನ್ನು ಕಾಣುತ್ತಿದ್ದಾರೆಂದು ಎಲ್ಲರೂ ನೋಡಬಹುದಾದ ಒಂದೇ ಪಟ್ಟಿ ಇಟ್ಟಿದ್ದೇವೆ. ಅದರಲ್ಲಿ ಹೆಸರು ಬರೆಯದೆ ಯಾರೂ ಅಂಗಡಿಯ ಮೆಟ್ಟಿಲು ಹತ್ತುವಂತಿಲ್ಲ.

ಉಡುಗೊರೆಗಳಲ್ಲೂ ಎಚ್ಚರ ಬೇಕು. ಬಬಲ್ ಟೀ ಅಂಗಡಿಯೊಂದರ ಲಾಂಛನ ಹಸಿರು. ಆಟಗಾರರಿಗೆಲ್ಲ ಅದೇ ಬಣ್ಣದ ಟೋಪಿ ಹಂಚೋಣ, ಬಿಸಿಲಿಗೂ ಆಯಿತು, ಪ್ರಚಾರಕ್ಕೂ ಆಯಿತು ಎಂದು ಸಭೆಯಲ್ಲಿ ನಾನೇ ಸೂಚಿಸಿದೆ. ಎಲ್ಲರೂ ಮೌನವಾದರು. ಬಳಿಕ ಗೆಳೆಯನೊಬ್ಬ ಹೊರಗೆ ಕರೆದು ವಿವರಿಸಿದ: ಗಂಡಸು ಹಸಿರು ಟೋಪಿ ಧರಿಸುವುದೆಂದರೆ ಅವನ ಹೆಂಡತಿ ಅವನಿಗೆ ದ್ರೋಹ ಮಾಡಿದ್ದಾಳೆಂದು ಸಾರಿದಂತೆ. ಅಂದು ಅವನು ಹೇಳದೇ ಹೋಗಿದ್ದರೆ ನೂರು ಟೋಪಿಗಳು ಮುದ್ರಣವಾಗಿ ಬಂದಿರುತ್ತಿದ್ದವು. ಕೊನೆಗೆ ಹಸಿರು ಲಾಂಛನವಿರುವ ಬಿಳಿ ಟವೆಲ್ ಕೊಟ್ಟೆವು, ಅಂಗಡಿಯವರಿಗೂ ಒಪ್ಪಿಗೆಯಾಯಿತು. ಹಾಗೆಯೇ ಪ್ರಾಯೋಜಕರಿಗೆ ನೆನಪಿನ ಕಾಣಿಕೆಯಾಗಿ ಗಡಿಯಾರ ಕೊಡಬೇಡಿ. 'ಗಡಿಯಾರ ಕೊಡುವುದು' ಮತ್ತು 'ಕೊನೆಗಾಲದಲ್ಲಿ ಬಳಿಯಿದ್ದು ಕಳಿಸಿಕೊಡುವುದು' ಎರಡೂ ಚೀನೀ ಭಾಷೆಯಲ್ಲಿ ಕಿವಿಗೆ ಒಂದೇ.

ನಗದು ಕೊಡಲಾಗದವರು ವಸ್ತು ಕೊಡಬಹುದು: ನೀರು, ಕಿತ್ತಳೆ, ಮಂಜುಗಡ್ಡೆ, ಫಿಸಿಯೊಥೆರಪಿಯವರ ಒಂದು ಮೇಜು. ನನಗೆ ಅತಿ ಇಷ್ಟವಾದದ್ದು ಕೂಪನ್. ಬಬಲ್ ಟೀ ಅಂಗಡಿಯಿಂದ 100 ಕೂಪನ್ ಪಡೆದು ಪ್ರತಿಯೊಂದರ ಹಿಂದೆ ಟೂರ್ನಿಯ ಮುದ್ರೆ ಒತ್ತಿ. ಎಷ್ಟು ಮರಳಿ ಬಂದವೆಂದು ಅಂಗಡಿಯವರೇ ಎಣಿಸಬಹುದು. ಅದಕ್ಕಿಂತ ಗಟ್ಟಿ ಸಾಕ್ಷಿ ಇನ್ನೊಂದಿಲ್ಲ. ಮೈದಾನದಲ್ಲೇ ಅಡುಗೆ ಮಾಡಿ ಮಾರುವುದಾದರೆ ಮಾತ್ರ ಕೌನ್ಸಿಲ್‌ನ ಆಹಾರ ನೋಂದಣಿ ಬೇಕು. ಅದನ್ನು ಮೊದಲೇ ತಿಳಿಸಿಬಿಡಿ.

ಒಂದು ಪುಟದ ಪತ್ರ

ಎಂಟು ಪುಟಗಳ ಪ್ರಸ್ತಾವನೆಯನ್ನು ಯಾರೂ ಓದಲಿಲ್ಲ. ಈಗ ನಾವು ಒಂದು ಪುಟ ಕೊಡುತ್ತೇವೆ, ಒಂದು ಬದಿಯಲ್ಲಿ ಚೀನೀ, ಇನ್ನೊಂದು ಬದಿಯಲ್ಲಿ ಇಂಗ್ಲಿಷ್. ಅದರ ಒಡಲು ಕನ್ನಡದಲ್ಲಿ ಹೇಳುವುದಾದರೆ ಹೀಗಿರುತ್ತದೆ:

"ಮಾನ್ಯರೇ, ನಮ್ಮ ಆಟಗಾರರು ಪ್ರತಿ ಭಾನುವಾರ ಸಂಜೆ ನಿಮ್ಮಲ್ಲಿ ಊಟ ಮಾಡುತ್ತಾರೆ. ಅಕ್ಟೋಬರ್‌ನಲ್ಲಿ 12 ತಂಡಗಳ ಟೂರ್ನಿ ನಡೆಸುತ್ತಿದ್ದೇವೆ. ಕಳೆದ ವರ್ಷ ಇಷ್ಟು ಆಟಗಾರರು, ಇಷ್ಟು ಕುಟುಂಬಗಳು ಬಂದಿದ್ದವು. ಅವರಲ್ಲಿ ಇಷ್ಟು ಜನರ ಮನೆ ನಿಮ್ಮ ಅಂಗಡಿಯಿಂದ ಹತ್ತು ನಿಮಿಷದ ದಾರಿ. 888 ಡಾಲರ್ ಕೊಟ್ಟರೆ ಈ ಮೂರು ಕೆಲಸ ಮಾಡುತ್ತೇವೆ. ಟೂರ್ನಿ ಮುಗಿದ ಏಳು ದಿನದೊಳಗೆ ಲೆಕ್ಕ ಮತ್ತು ಚಿತ್ರಗಳನ್ನು ತಂದು ತೋರಿಸುತ್ತೇವೆ."

ಇಷ್ಟು ಸಾಕು. ಪತ್ರದ ಪದಗಳಲ್ಲಿ ಒಂದು ಸೂಕ್ಷ್ಮವಿದೆ. 'ಝೊಂಗ್‌ಗ್ವೊರೆನ್' ಎಂದರೆ ಚೀನಾ ದೇಶದವರು, 'ಹ್ವಾರೆನ್' ಎಂದರೆ ಎಲ್ಲೇ ಇರುವ ಚೀನೀ ಮೂಲದವರು. ಮೆಲ್ಬರ್ನ್‌ನ ಅಂಗಡಿಗಳಲ್ಲಿ ಚೀನಾದವರಷ್ಟೇ ಇಲ್ಲ, ಹಾಂಗ್‌ಕಾಂಗ್, ತೈವಾನ್, ಮಲೇಷ್ಯಾ, ಸಿಂಗಪುರ, ವಿಯೆಟ್ನಾಂನಿಂದ ಬಂದವರೂ ಇದ್ದಾರೆ. 2021ರ ಜನಗಣತಿಯಲ್ಲಿ ಆಸ್ಟ್ರೇಲಿಯಾದ ಶೇ 5.5ರಷ್ಟು ಜನ, ಅಂದರೆ ಸುಮಾರು 14 ಲಕ್ಷ ಮಂದಿ, ಚೀನೀ ಮೂಲ ಹೇಳಿಕೊಂಡಿದ್ದಾರೆ. ಅವರೆಲ್ಲರೂ ಸೇರುವ ಪದ ಹ್ವಾರೆನ್. ಲಿಪಿಯಲ್ಲೂ ಗಮನವಿರಲಿ: ಹಾಂಗ್‌ಕಾಂಗ್, ತೈವಾನಿನವರು ಓದುವುದು ಸಾಂಪ್ರದಾಯಿಕ ಅಕ್ಷರ, ಚೀನಾದವರು ಓದುವುದು ಸರಳೀಕೃತ ಅಕ್ಷರ. ಎರಡು ಪ್ರತಿ ಇಟ್ಟುಕೊಳ್ಳಿ. ಯಾವ ಬಾವುಟವೂ ಪತ್ರದಲ್ಲಿ ಬೇಡ, ಮೈದಾನದಲ್ಲೂ ಬೇಡ. ಅಲ್ಲಿ ಚೆಂಡು ಸಾಕು.

ಪತ್ರದ ಕೊನೆಯಲ್ಲಿ ಎರಡು ಸಾಲು ಇತಿಹಾಸ ಸೇರಿಸುತ್ತೇವೆ, ಅದು ಹಿರಿಯರ ಮನಸ್ಸನ್ನು ಮುಟ್ಟಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಬಿಳಿಯರಲ್ಲದವರಿಗೆ ಆಸ್ಟ್ರೇಲಿಯಾ ಬಾಗಿಲು ಮುಚ್ಚಿದ್ದ ಕಾಲದಲ್ಲಿ, 1923ರಲ್ಲಿ, ಹಾಂಗ್‌ಕಾಂಗ್‌ನ ಸೌತ್ ಚೀನಾ ಕ್ಲಬ್ಬಿನ ಆಟಗಾರರೇ ಹೆಚ್ಚಾಗಿದ್ದ ಚೀನೀ ತಂಡವೊಂದು ಇಲ್ಲಿಗೆ ಬಂದು ಪಂದ್ಯಗಳನ್ನು ಆಡಿತ್ತು. ಮುಂದೆ ಏಷ್ಯಾದಲ್ಲೇ ಹೆಸರಾದ ಲೀ ವಾಯ್ ಟಾಂಗ್ ಆ ತಂಡದಲ್ಲಿದ್ದರು. ಕ್ಯಾಂಟನೀಸ್ ಮಾತಾಡುವ ದಿನಸಿ ಅಂಗಡಿಯ ಅಜ್ಜನೊಬ್ಬರು ಆ ಹೆಸರನ್ನು ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ತಮ್ಮ ತಂದೆ ಆ ಆಟಗಾರನ ಕಥೆ ಹೇಳುತ್ತಿದ್ದರೆಂದು ನೆನೆದರು.

ಕಿರಿಯ ಮಾಲೀಕರಿಗೆ ಹತ್ತಿರವಾದದ್ದು ಬೇರೆ. ಚೀನಾದ ಪುರುಷರ ತಂಡ ವಿಶ್ವಕಪ್ ಆಡಿದ್ದು 2002ರಲ್ಲಿ ಒಮ್ಮೆ ಮಾತ್ರ, ಮೂರು ಪಂದ್ಯಗಳಲ್ಲಿ ಒಂದು ಗೋಲೂ ಬರಲಿಲ್ಲ. ಆ ನೋವು ಎಲ್ಲರಲ್ಲೂ ಇದೆ. ಆದರೆ 2023ರಲ್ಲಿ ಗ್ವಿಝೌ ಪ್ರಾಂತ್ಯದ ರೊಂಗ್‌ಜಿಯಾಂಗ್ ಎಂಬ ಬಡ ಜಿಲ್ಲೆಯಲ್ಲಿ ಹಳ್ಳಿಗಳ ತಂಡಗಳು ಆಡಿದ 'ಚುನ್ ಚಾವೊ' ಲೀಗ್ ಇಡೀ ದೇಶವನ್ನು ಸೆಳೆಯಿತು. ಅಲ್ಲಿ ಬಹುಮಾನ ಎತ್ತು, ಹಂದಿ, ಕುರಿ. ನಮ್ಮ ಹಳ್ಳಿಗಳ ಕಬಡ್ಡಿ ಪಂದ್ಯದಲ್ಲಿ ಗೆದ್ದವರಿಗೆ ಟಗರು ಕೊಡುವುದನ್ನು ಹೇಳಿದಾಗ ಗೆಳೆಯರು ಬಹಳ ಸಂತೋಷಪಟ್ಟರು. 2025ರಲ್ಲಿ ಜಿಯಾಂಗ್ಸು ಪ್ರಾಂತ್ಯದ 13 ನಗರಗಳ 'ಸು ಚಾವೊ' ಲೀಗಿಗೆ ಗ್ವಾನ್‌ಮಿಂಗ್ ಪಡೆದದ್ದು ಬ್ಯಾಂಕ್ ಆಫ್ ಜಿಯಾಂಗ್ಸು. ಸಾಮಾನ್ಯರ ಫುಟ್‌ಬಾಲ್ ಜನರನ್ನು ಅಂಗಡಿಗೆ ತರುತ್ತದೆ ಎಂಬುದನ್ನು ಈ ಮಾಲೀಕರು ತಮ್ಮ ಮೊಬೈಲಿನಲ್ಲೇ ನೋಡಿದ್ದಾರೆ. "ಇಲ್ಲೂ ಅಂಥದ್ದೊಂದು ಸಣ್ಣದಾಗಿ" ಎಂದರೆ ಮುಂದೆ ಹೆಚ್ಚು ವಿವರಿಸಬೇಕಾಗಿಲ್ಲ.

ಅಂಗಡಿಯೊಳಗೆ

ಹೋಟೆಲಾದರೆ ಮಂಗಳವಾರ ಅಥವಾ ಬುಧವಾರ, ಮಧ್ಯಾಹ್ನ ಎರಡೂವರೆಯಿಂದ ಐದರ ನಡುವೆ ಹೋಗಿ. ಇಬ್ಬರು ಸಾಕು, ಒಬ್ಬರಿಗೆ ಮ್ಯಾಂಡರಿನ್ ಅಥವಾ ಕ್ಯಾಂಟನೀಸ್ ಚೆನ್ನಾಗಿ ಬರಬೇಕು. ಚಹಾ ಆದರೂ ಕೊಂಡು ಕುಡಿಯಿರಿ. ಮಾಲೀಕರನ್ನು ಮನೆತನದ ಹೆಸರಿಗೆ 'ಲಾವೊಬಾನ್' ಸೇರಿಸಿ ಕರೆಯಿರಿ, ವಾಂಗ್ ಲಾವೊಬಾನ್ ಎಂಬಂತೆ. ಅದು ನಮ್ಮ ಯಜಮಾನರೇ ಎಂಬುದಕ್ಕೆ ಸಮ. ಪತ್ರವನ್ನು ಎರಡೂ ಕೈಯಿಂದ ಕೊಡಿ.

ಕೇಳುವ ಮೊತ್ತವನ್ನು ಬಾಯಿಬಿಟ್ಟು ಹೇಳಿ. "ನಿಮಗೆ ತೋಚಿದಷ್ಟು" ಎಂದರೆ ಅವರಿಗೆ ಇಕ್ಕಟ್ಟು: ಕಡಿಮೆ ಕೊಟ್ಟರೆ ಮರ್ಯಾದೆಯ ಪ್ರಶ್ನೆ, ಹೆಚ್ಚು ಕೊಟ್ಟರೆ ಕೈಗಚ್ಚುತ್ತದೆ. "ಕಾವೊಲ್ಯೂ ಕಾವೊಲ್ಯೂ", ಅಂದರೆ ಯೋಚಿಸಿ ಹೇಳುತ್ತೇನೆ ಎಂದರೆ ಬಹುಪಾಲು ಅದು ನಯವಾದ ನಿರಾಕರಣೆ. ಒಂದು ವಾರದ ನಂತರ ಒಂದೇ ಒಂದು ಸಂದೇಶ ಕಳಿಸಿ ಸುಮ್ಮನಾಗಿ. ಎದುರು ಬೇರೆಯವರಿರುವಾಗ ಒತ್ತಾಯಿಸಿದರೆ ಈ ವರ್ಷ ಹಣ ಬರಬಹುದು, ಮುಂದಿನ ವರ್ಷ ಅವರು ನಿಮ್ಮನ್ನು ಕಂಡು ಅಡುಗೆಮನೆಗೆ ಹೋಗಿಬಿಡುತ್ತಾರೆ. ಹಣ ಕೊಡಲಾಗದು ಎಂದವರನ್ನೂ ಟೂರ್ನಿಯ ದಿನ ಆಹ್ವಾನಿಸಿ. ನಮ್ಮ ಈಗಿನ ಪ್ರಾಯೋಜಕರಲ್ಲಿ ಇಬ್ಬರು ಮೊದಲು ಹಾಗೆ ನೋಡಲು ಬಂದವರೇ.

ಒಪ್ಪಿದರೆ ಅಂದೇ ಸಂಜೆ ಬರಹದಲ್ಲಿ ಖಚಿತಪಡಿಸಿ: ಮೊತ್ತ, ಕೊಡುವ ದಿನ, ನಾವು ಮಾಡುವ ಮೂರು ಕೆಲಸ. ಮೂರಕ್ಕಿಂತ ಹೆಚ್ಚು ಮಾತು ಕೊಡಬೇಡಿ.

ಬ್ಯಾನರ್ ಕಟ್ಟುವ ದಿನ

ಬ್ಯಾನರ್ ಮುದ್ರಣಕ್ಕೆ ಹೋಗುವ ಮೊದಲು ಕರಡನ್ನು ಅಂಗಡಿಯವರಿಗೇ ಕಳಿಸಿ, "ಸರಿಯಿದೆ" ಎಂಬ ಉತ್ತರ ಬರುವವರೆಗೆ ಕಾಯಿರಿ. ಒಂದು ಗೆರೆ ಆಚೀಚೆಯಾದರೂ ಚೀನೀ ಅಕ್ಷರದ ಅರ್ಥ ಬದಲಾಗುತ್ತದೆ, ನನ್ನಂತೆ ಓದಲು ಬಾರದವರಿಗೆ ಅದು ಕಾಣುವುದೇ ಇಲ್ಲ. ಮೆಲ್ಬರ್ನ್‌ನ ವಸಂತದ ಗಾಳಿ ಜೋರು, ತೂತುಗಳಿರುವ ಜಾಲರಿ ಬಟ್ಟೆಯಲ್ಲೇ ಮುದ್ರಿಸಿ. ಗಟ್ಟಿ ಪ್ಲಾಸ್ಟಿಕ್ಕಿನದು ಹಾಯಿಯಂತೆ ಉಬ್ಬಿ ಹಗ್ಗ ಕಿತ್ತುಕೊಂಡು ಹೋಗುತ್ತದೆ.

ಎಲ್ಲಿ ಕಟ್ಟುತ್ತೀರಿ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಹಿಂದಿನ ದಿನ ಪಂದ್ಯದ ಹೊತ್ತಿಗೇ ಮೈದಾನಕ್ಕೆ ಹೋಗಿ, ಛಾಯಾಗ್ರಾಹಕರು ಸೂರ್ಯನಿಗೆ ಬೆನ್ನು ಮಾಡಿ ನಿಂತಾಗ ಎದುರಿಗೆ ಬರುವ ಬೇಲಿ ಯಾವುದೆಂದು ನೋಡಿಕೊಳ್ಳಿ. ಬ್ಯಾನರುಗಳು ಆ ಬೇಲಿಗೇ ಹೋಗಬೇಕು. ತಂಡಗಳ ಗುಂಪುಚಿತ್ರಗಳನ್ನೂ ಅಲ್ಲೇ ತೆಗೆಸಿ. ಆಟಗಾರರು ವೀಚ್ಯಾಟ್, ಚಿತ್ರ ಹಂಚುವ ಚೀನೀ ಆ್ಯಪ್ ಶಿಯಾವೊಹೊಂಗ್‌ಶುಗಳಲ್ಲಿ ಹಂಚುವುದು ಅದೇ ಚಿತ್ರವನ್ನು, ಪ್ರಾಯೋಜಕರ ಹೆಸರು ನಿಜವಾಗಿ ಪ್ರಯಾಣ ಮಾಡುವುದೂ ಅಲ್ಲಿಂದಲೇ. ಮಕ್ಕಳ ಚಿತ್ರಗಳಿಗೆ ತಂದೆತಾಯಿಯರ ಲಿಖಿತ ಒಪ್ಪಿಗೆ ನೋಂದಣಿಯ ಸಮಯದಲ್ಲೇ ಪಡೆದಿರಿ.

ಫೈನಲ್ ದಿನ ಪ್ರಾಯೋಜಕರು ಬಂದರೆ ಸ್ವಾಗತಿಸಲೆಂದೇ ಒಬ್ಬರನ್ನು ಗೊತ್ತುಮಾಡಿ. ಅವರಿಗೆ ನೆರಳಿನಲ್ಲಿ ಕುರ್ಚಿ, ಕೈಗೆ ಬಿಸಿನೀರಿನ ಲೋಟ. ಹಿರಿಯ ಚೀನೀಯರು ಬೇಸಿಗೆಯಲ್ಲೂ ಬಿಸಿನೀರನ್ನೇ ಬಯಸುತ್ತಾರೆ, ಫ್ಲಾಸ್ಕ್ ತುಂಬಿಸಿಡಿ. ಒಂದು ಪದಕವನ್ನಾದರೂ ಅವರ ಕೈಯಿಂದ ಕೊಡಿಸಿ.

ಆಟ ಮುಗಿದ ಮೇಲೆ

ಡೇರೆ ಬಿಚ್ಚಿ, ಕಸ ಎತ್ತಿ, ಮನೆಗೆ ಹೋಗಿ ಮಲಗುವ ಆಸೆಯಾಗುತ್ತದೆ. ಆದರೆ ಏಳು ದಿನದ ಗಡುವು ಅಂದೇ ಆರಂಭವಾಗಿರುತ್ತದೆ. ವರದಿ ಎರಡೇ ಪುಟ: ಎಷ್ಟು ಜನ ಬಂದರು, ಎಷ್ಟು ಖರ್ಚಾಯಿತು, ನಿಮ್ಮ ಹಣ ಯಾವುದಕ್ಕೆ ಹೋಯಿತು, ನಿಮ್ಮ ಹೆಸರು ಕಾಣುವ ಮೂರು ಚಿತ್ರ, ನಾವು ಮಾತು ಕೊಟ್ಟು ಮಾಡಲಾಗದೇ ಹೋದದ್ದು ಏನು. ಕೊನೆಯದನ್ನು ಬಿಡಬೇಡಿ. ಒಮ್ಮೆ ಮಳೆಯಿಂದ ಮಕ್ಕಳ ಪಂದ್ಯ ರದ್ದಾಯಿತು. ಅದಕ್ಕೆಂದು ಕೊಟ್ಟ 388 ಡಾಲರನ್ನು ದಂತವೈದ್ಯರಿಗೆ ಮರಳಿಸಲು ಹೋದೆವು. ಅವರು ತೆಗೆದುಕೊಳ್ಳಲಿಲ್ಲ, ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ ಎಂದರು, ತಾವಾಗಿಯೇ 500 ಸೇರಿಸಿದರು.

ವರದಿಯನ್ನು ಮೊಬೈಲಿಗೆ ಕಳಿಸಿ ಸುಮ್ಮನಾಗದೆ ಕೈಯಲ್ಲಿ ಹಿಡಿದು ಹೋಗಿ. ಚಿತ್ರವೊಂದಕ್ಕೆ ಚೌಕಟ್ಟು ಹಾಕಿಸಿ ಕೊಡಿ. ಅದು ಗೋಡೆಗೇರಿದರೆ ವರ್ಷವಿಡೀ ಅಲ್ಲಿ ಊಟ ಮಾಡುವವರು "ಇದೇನು?" ಎಂದು ಕೇಳುತ್ತಾರೆ, ಮುಂದಿನ ವರ್ಷದ ತಂಡಗಳೂ ಅಲ್ಲಿಂದಲೇ ಹುಟ್ಟುತ್ತವೆ.

ಬಾಕ್ಸ್ ಹಿಲ್‌ನ ಆ ಹಾಟ್‌ಪಾಟ್ ಹೋಟೆಲಿಗೆ ಎರಡನೆಯ ವರ್ಷ ಸಂಖ್ಯೆಗಳೊಡನೆ ಹೋದೆವು. ಮಾಲೀಕರು ಒಂದು ಪುಟವನ್ನು ಎರಡು ಸಲ ಓದಿ 888 ಒಪ್ಪಿದರು, ಜೊತೆಗೆ 60 ಕೂಪನ್ ಕೊಟ್ಟರು. ಟೂರ್ನಿ ಮುಗಿದ ಆರನೆಯ ದಿನ ವರದಿ ಹಿಡಿದು ಹೋದಾಗ ಅವರು ಗಲ್ಲಾಪೆಟ್ಟಿಗೆಯಿಂದ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ತೆಗೆದು ಮೇಜಿನ ಮೇಲಿಟ್ಟರು. ಮುದ್ರೆಯಿದ್ದ ಕೂಪನ್‌ಗಳು, ಕೆಲವಕ್ಕೆ ಸಾರಿನ ಎಣ್ಣೆ ಅಂಟಿತ್ತು. "ನಲವತ್ತೊಂದು" ಎಂದರು. ನಮ್ಮ ವರದಿಯಲ್ಲಿ ಆ ಸಾಲು ಖಾಲಿಯಿತ್ತು. ಅವರೇ ಪೆನ್ನು ತೆಗೆದು ತುಂಬಿಸಿದರು.